ಲ್ಯಾಪ್‌ಟಾಪ್ ಬೂಟ್ ಆಗದಿದ್ದರೆ ಫಾರ್ಮ್ಯಾಟ್‌ಗೆ ಓಡಬೇಡಿ

(ದಮ್ಮಾಮ್‌ನ ಕುಟುಂಬ ಸಮ್ಮಿಲನದಲ್ಲಿ ನಮ್ಮ ಕಂಪ್ಯೂಟರ್ ನೆರವು ತಂಡದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮೊದಲು ಅರ್ಧ ಗಂಟೆ ನಮಗೆ ಕೊಟ್ಟಿದ್ದಾರೆ. ಬಿರಿಯಾನಿ ದಮ್ಮಿಗೆ ಇಟ್ಟಾಗಿದೆ ಅಂತ ಒಳಗಿಂದ ಸುದ್ದಿ ಬಂದಿದೆ. ಹಾಗಾಗಿ ಪೀಠಿಕೆ ಬೇಡ.

ಪ್ರತಿ ಶುಕ್ರವಾರ ಸಂಜೆ ನಾವು ನಾಲ್ಕೈದು ಮಂದಿ ಸಂಘದ ರೂಮಿನಲ್ಲಿ ಕೂತು ನಮ್ಮವರ ಲ್ಯಾಪ್‌ಟಾಪ್ ನೋಡಿಕೊಡ್ತೇವೆ ಎಂಬುದು ನಿಮಗೆ ಗೊತ್ತುಂಟು. ಬರುವವುಗಳಲ್ಲಿ ಕೆಲವು ನಿಜವಾಗಿಯೂ ಕೆಟ್ಟಿರುತ್ತವೆ. ಚಾ ಚೆಲ್ಲಿದ್ದು, ಎರಡಂತಸ್ತಿನ ಮಂಚದಿಂದ ಬಿದ್ದದ್ದು. ಅದರ ಬಗ್ಗೆ ಇವತ್ತು ಮಾತಿಲ್ಲ. ನಿನ್ನೆ ರಾತ್ರಿವರೆಗೆ ಸರಿಯಾಗಿದ್ದು, ಯಾರೋ ಒಳಗಿನ ಸೆಟ್ಟಿಂಗ್‌ಗೆ ಕೈ ಹಾಕಿದ ಮೇಲೆ ಬೆಳಿಗ್ಗೆ ಬೂಟ್ ಆಗದ ಲ್ಯಾಪ್‌ಟಾಪ್‌ಗಳ ಬಗ್ಗೆ ಮಾತಾಡ್ತೇವೆ. ಬೂಟ್ ಆಗುವುದು ಅಂದರೆ ಪವರ್ ಬಟನ್ ಒತ್ತಿದಲ್ಲಿಂದ ವಿಂಡೋಸ್ ತೆರೆದುಕೊಳ್ಳುವವರೆಗಿನ ಕೆಲಸ.

ಬಂದವರನ್ನು ನಾವು ಮೊದಲು ಕೇಳುವುದು, "ಕೊನೆಗೆ ಎಂತ ಮಾಡಿದ್ರಿ?" ಅಂತ. ಎಲ್ಲರದ್ದೂ ಒಂದೇ ಉತ್ತರ, "ಎಂತದ್ದೂ ಮಾಡ್ಲಿಲ್ಲ, ತನ್ನಷ್ಟಕ್ಕೇ ಹೀಗಾಯ್ತು." ಚಾ ಕುಡಿದು ಹತ್ತು ನಿಮಿಷ ಆದ ಮೇಲೆ ನಿಜ ಹೊರಗೆ ಬರ್ತದೆ. "ಸ್ಪೀಡ್ ಆಗ್ಲಿಕ್ಕೆ ಅಂತ ಒಂದು ವಿಡಿಯೊ ನೋಡಿ ಸಣ್ಣ ಸೆಟ್ಟಿಂಗ್ ಬದಲಾಯಿಸಿದ್ದೆ." ಮಾರಾಯ್ರೆ, ಆ ಒಂದು ವಾಕ್ಯವನ್ನು ಮೊದಲೇ ಹೇಳಿ. ನಾವು ಬೈಯುವವರಲ್ಲ. ಕೊನೆಗೆ ಬದಲಾದದ್ದು ಯಾವುದು ಎಂದು ಗೊತ್ತಾದರೆ ಅರ್ಧ ರಿಪೇರಿ ಅಲ್ಲೇ ಮುಗೀತು.

ಇವತ್ತು ನಮಗೆ ಮುಖ್ಯವಾಗಿ ಹೇಳ್ಲಿಕ್ಕಿರುವುದು ಇಷ್ಟೇ. ಲ್ಯಾಪ್‌ಟಾಪ್ ಬೂಟ್ ಆಗಲಿಲ್ಲ ಅಂದರೆ ಒಳಗಿನ ಫೈಲ್ ಹೋಯಿತು ಎಂದರ್ಥ ಅಲ್ಲ. ಸೆಟ್ಟಿಂಗ್ ಬದಲಾಗಿ ನಿಂತ ಯಂತ್ರದಲ್ಲಿ ಫೈಲ್‌ಗಳು ಸಾಮಾನ್ಯವಾಗಿ ಇದ್ದಲ್ಲೇ ಇರ್ತವೆ. ಅವು ಹೋಗುವುದು ಆಮೇಲೆ, ಗಾಬರಿಯಲ್ಲಿ ನಾವು ಅಥವಾ ಅಂಗಡಿಯವರು ಫಾರ್ಮ್ಯಾಟ್ ಒತ್ತುವಾಗ.

ನಮ್ಮವರ ಲ್ಯಾಪ್‌ಟಾಪ್‌ನಲ್ಲಿ ಎಂತ ಇರ್ತದೆ ನೋಡಿ. ಅಟೆಸ್ಟ್ ಮಾಡಿಸಿದ ಡಿಗ್ರಿ ಸರ್ಟಿಫಿಕೇಟ್‌ನ ಸ್ಕ್ಯಾನ್, ಹಿಂದಿನ ಕಂಪನಿಯ ಅನುಭವ ಪತ್ರ, ಇಖಾಮದ ಕಾಪಿ, ಊರಲ್ಲಿ ಕಟ್ಟುತ್ತಿರುವ ಮನೆಯ ಪ್ಲಾನ್. ಮೊಬೈಲ್ ತುಂಬಿದಾಗಲೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿದ ಮಕ್ಕಳ ಫೋಟೊ, ವಿಡಿಯೊ. ಮಗು ಹುಟ್ಟಿದ್ದನ್ನೂ ನಡೆಯಲು ಕಲಿತದ್ದನ್ನೂ ಆ ವಿಡಿಯೊದಲ್ಲಿ ಮಾತ್ರ ನೋಡಿದವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರಿ.

ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳ್ತೇವೆ, ಯಾಕೆಂದರೆ ಈಗ ಇದೇ ತರದ್ದು ಹೆಚ್ಚು ಬರ್ತಾ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕ್ಲಿಕ್ಕೆ ಯುಇಎಫ್‌ಐ, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಆಗಬೇಕು. ಜುಬೈಲ್‌ನಲ್ಲಿ ಸ್ಟೋರ್‌ಕೀಪರ್ ಆಗಿರುವ ನಮ್ಮವರೊಬ್ಬರು ವಿಡಿಯೊ ನೋಡ್ತಾ ನೋಡ್ತಾ ಬಯೋಸ್ ಒಳಗೆ ಹೋದರು. 'ಲೆಗಸಿ' ಎಂದಿದ್ದದ್ದನ್ನು 'ಯುಇಎಫ್‌ಐ' ಮಾಡಿದರು, ಸೇವ್ ಮಾಡಿದರು. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ, 'ನೋ ಬೂಟೆಬಲ್ ಡಿವೈಸ್'. ಮರುದಿನ ಅಂಗಡಿಗೆ ಹೋದರು. ಅಲ್ಲಿ ಎರಡು ನಿಮಿಷ ನೋಡಿ ಹೇಳಿದ್ದು, ಹಾರ್ಡ್‌ಡಿಸ್ಕ್ ಸತ್ತಿದೆ, ಹೊಸದು ಹಾಕಿ ವಿಂಡೋಸ್ ಹಾಕಿಕೊಡ್ತೇವೆ, ಹಳೆಯ ಡಾಟಾ ಸಿಗ್ಲಿಕ್ಕಿಲ್ಲ ಅಂತ. ಅದೃಷ್ಟಕ್ಕೆ ಅವರ ಕೈಯಲ್ಲಿ ಆ ದಿನ ಅಷ್ಟು ರಿಯಾಲ್ ಇರಲಿಲ್ಲ. ಲ್ಯಾಪ್‌ಟಾಪ್ ನಮ್ಮ ಮೇಜಿಗೆ ಬಂತು.

ಆದದ್ದು ಎಂತ ಅಂದರೆ, ಆ ಲ್ಯಾಪ್‌ಟಾಪ್‌ಗೆ ಮೊದಲು ವಿಂಡೋಸ್ ಹಾಕಿದವರು ಹಳೆಯ ಅಭ್ಯಾಸದಲ್ಲಿ ಲೆಗಸಿ ಮೋಡ್‌ನಲ್ಲಿ ಹಾಕಿದ್ದರು. ಆಗ ಡಿಸ್ಕ್‌ನ ವಿಳಾಸಪಟ್ಟಿ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಬರೆದಿರ್ತದೆ. ಯುಇಎಫ್‌ಐ ಮೋಡ್‌ನಲ್ಲಿ ವಿಂಡೋಸ್ ಏಳಬೇಕಾದರೆ ಜಿಪಿಟಿ ಎಂಬ ಹೊಸ ಪದ್ಧತಿಯ ಪಟ್ಟಿ ಬೇಕು. ಊರಲ್ಲಿ ನಮ್ಮ ಮನೆಯ ವಿಳಾಸ "ಮಸೀದಿ ಹತ್ತಿರ, ಗೇರುಮರದ ಎದುರು" ಅಂತ ಇರ್ತದಲ್ಲ. ಇಲ್ಲಿ ಸೌದಿಯಲ್ಲಿ ನ್ಯಾಷನಲ್ ಅಡ್ರೆಸ್ ಇಲ್ಲದೆ ಪಾರ್ಸೆಲ್ ಬರುವುದೇ ಕಷ್ಟ. ಇಲ್ಲಿನ ಡೆಲಿವರಿ ಹುಡುಗನಿಗೆ ಗೇರುಮರದ ವಿಳಾಸ ಕೊಟ್ಟರೆ ಆತ "ಇಂತಹ ಮನೆಯೇ ಇಲ್ಲ" ಅಂತಾನೆ. ಮನೆ ಬಿದ್ದುಹೋಗಿಲ್ಲ, ಒಳಗೆ ಎಲ್ಲರೂ ಸುಖವಾಗಿಯೇ ಇದ್ದಾರೆ!

ನಾವು ಬಯೋಸ್ ತೆರೆದು ನೋಡಿದಾಗ ಡಿಸ್ಕ್‌ನ ಹೆಸರೂ ಗಾತ್ರವೂ ಪಟ್ಟಿಯಲ್ಲಿ ಸ್ಪಷ್ಟವಾಗಿ ಇತ್ತು. ಸತ್ತ ಡಿಸ್ಕ್ ಹಾಗೆ ಹೆಸರು ಹೇಳುವುದು ಕಡಿಮೆ. ಯುಇಎಫ್‌ಐಯನ್ನು ಮತ್ತೆ ಲೆಗಸಿ ಮಾಡಿದೆವು. ವಿಂಡೋಸ್ ಬಂತು. ಮಗಳ ವಿಡಿಯೊ ಎಲ್ಲ ಇತ್ತು. ಆಮೇಲೆ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ವಿಳಾಸಪಟ್ಟಿಯನ್ನು ಹೊಸ ಪದ್ಧತಿಗೆ ಬದಲಿಸಿ, ಕೊನೆಗೆ ಬಯೋಸ್‌ನಲ್ಲಿ ಯುಇಎಫ್‌ಐ ಮಾಡಿದೆವು. ಕೆಲಸ ಅದೇ, ಕ್ರಮ ಮಾತ್ರ ಬೇರೆ.

ಅಂಗಡಿಯವರ ಮೇಲೆ ನಮಗೆ ಸಿಟ್ಟಿಲ್ಲ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುವುದು ಅವರಿಗೆ ಕೈಗೆ ಬಂದ ಕೆಲಸ. ಕಾರಣ ಹುಡುಕಲು ಕೂತರೆ ಇಡೀ ದಿನ ಹೋಗ್ತದೆ, ಅದಕ್ಕೆ ಹಣ ಕೊಡುವವರು ಯಾರು? ಆದರೆ ಅವರಿಗೆ ನಿಮ್ಮ ಮಗಳ ವಿಡಿಯೊ ಬೇಕಾಗಿಲ್ಲ, ನಿಮಗೆ ಬೇಕು. ಅಂಗಡಿಗೆ ಕೊಡಲೇಬೇಕಾದರೆ "ಫಾರ್ಮ್ಯಾಟ್ ಮತ್ ಕರೋ, ಡಾಟಾ ಚಾಹಿಯೇ" ಅಂತ ಬಾಯಲ್ಲಿ ಹೇಳಿದರೆ ಸಾಲದು, ರಸೀದಿಯಲ್ಲಿ ಬರೆಸಿಕೊಳ್ಳಿ.

ಈಗ, ನಿಮ್ಮ ಲ್ಯಾಪ್‌ಟಾಪ್ ನಿಂತರೆ ನೋಡುವುದು ಹೇಗೆ? ಎಲ್ಲಿವರೆಗೆ ಬಂದು ನಿಂತಿತು ಎಂದು ನೋಡಿ. ನಾವು ಮಂಗಳೂರಿಂದ ಇಲ್ಲಿಗೆ ಬರುವಾಗ ಚೆಕ್‌ಇನ್, ಇಮಿಗ್ರೇಶನ್, ಬೋರ್ಡಿಂಗ್ ಅಂತ ಇದ್ದ ಹಾಗೆ ಇದಕ್ಕೂ ಹಂತಗಳುಂಟು. ಇಮಿಗ್ರೇಶನ್‌ನಲ್ಲಿ ತಡೆದವನು ಚೆಕ್‌ಇನ್ ಕೌಂಟರ್‌ನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ.

ದೀಪವೇ ಬರುವುದಿಲ್ಲವಾದರೆ ನಿಮ್ಮ ಸೆಟ್ಟಿಂಗ್ ಕಾರಣ ಆಗಿರುವುದು ಕಡಿಮೆ. ಚಾರ್ಜರ್ ನೋಡಿ. ಚಾರ್ಜರ್ ತೆಗೆದು, ಬ್ಯಾಟರಿ ತೆಗೆಯಲು ಆಗುವುದಾದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ, ಬೀಪ್ ಬೀಪ್ ಅಂದರೆ, ಇತ್ತೀಚೆಗೆ ರ‍್ಯಾಮ್ ಹಾಕಿಸಿದ್ರಾ ನೆನಪು ಮಾಡಿ. ಸರಿಯಾಗಿ ಕೂರದ ರ‍್ಯಾಮ್ ಹೀಗೇ ಮಾಡ್ತದೆ. ಡಿಸ್ಕ್‌ನಿಂದ ಟಕ್ ಟಕ್ ಶಬ್ದ ಬರುವುದಾದರೆ ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಅದು ಡಿಸ್ಕ್ ನಿಜವಾಗಿ ಸಾಯುವ ಶಬ್ದ.

ಕಂಪನಿಯ ಲೋಗೊ ಬಂದು, ಆಮೇಲೆ ಕಪ್ಪು ಪರದೆಯಲ್ಲಿ ಅಕ್ಷರ ಬಂದರೆ ಮೊದಲು ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಸಿಕ್ಕಿಸಿದ್ದು ಉಂಟಾ ನೋಡಿ. ನಗಬೇಡಿ, ಪೆನ್‌ಡ್ರೈವ್ ಎಳೆದ ಕೂಡಲೇ ಸರಿಯಾದದ್ದನ್ನು ನಾವು ಎಷ್ಟೋ ಕಂಡಿದ್ದೇವೆ. ಆಮೇಲೆ ಬಯೋಸ್. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಮಾದರಿಗೆ ತಕ್ಕಂತೆ ಎಫ್1 ಅಥವಾ ಎಫ್2. ಅಲ್ಲಿ ಏನನ್ನಾದರೂ ಮುಟ್ಟುವ ಮೊದಲು ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆಯಿರಿ. ಬಯೋಸ್‌ನಲ್ಲಿ ಜನ ಕೈ ಹಾಕಿ ಸಿಕ್ಕಿಬೀಳುವ ಜಾಗ ಮುಖ್ಯವಾಗಿ ಮೂರು. ಒಂದು ಈಗ ಹೇಳಿದ ಲೆಗಸಿ–ಯುಇಎಫ್‌ಐ. ಇನ್ನೊಂದು ಡಿಸ್ಕ್‌ನ ಮೋಡ್. ಎಎಚ್‌ಸಿಐ ಇದ್ದದ್ದನ್ನು ರೇಡ್ ಮಾಡಿದರೆ, ಇಲ್ಲವೇ ರೇಡ್ ಇದ್ದದ್ದನ್ನು ಎಎಚ್‌ಸಿಐ ಮಾಡಿದರೆ, ವಿಂಡೋಸ್ ಅರ್ಧಕ್ಕೆ ಬಂದು ನೀಲಿ ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬೀಳ್ತದೆ. ಹಿಂದೆ ಇದ್ದ ಹಾಗೆ ಮಾಡಿದರೆ ಏಳ್ತದೆ. ಮೂರನೆಯದು ಸೆಕ್ಯೂರ್ ಬೂಟ್, ಅದರ ಕಥೆ ಮುಂದೆ ಬರ್ತದೆ. ಎರಡು ತಿಂಗಳು ರಜೆಗೆ ಊರಿಗೆ ಹೋಗಿ ಬಂದ ಮೇಲೆ ಹಳೆಯ ಕಂಪ್ಯೂಟರ್ ಹೀಗೆ ಮಾಡಿ, ದಿನಾಂಕವೂ ಯಾವುದೋ ಹಳೆಯ ವರ್ಷ ತೋರಿಸಿದರೆ ಯಾರೂ ಕೈ ಹಾಕಿದ್ದಲ್ಲ. ಒಳಗಿನ ಸಣ್ಣ ಗುಂಡಗಿನ ಬ್ಯಾಟರಿ ಮುಗಿದು ಬಯೋಸ್ ತನ್ನ ಸೆಟ್ಟಿಂಗ್ ಮರೆತಿದೆ.

ವಿಂಡೋಸ್‌ನ ಚಕ್ರ ತಿರುಗುವವರೆಗೆ ಬಂದು ಬಿದ್ದರೆ ಬಯೋಸ್ ಸರಿ ಉಂಟು, ತೊಂದರೆ ವಿಂಡೋಸ್ ಒಳಗೆ. ಡ್ರೈವರ್, ಅಪ್‌ಡೇಟ್, ರಿಜಿಸ್ಟ್ರಿ ಕ್ಲೀನರ್, ಕಳ್ಳ ವಿಂಡೋಸ್‌ಗೆ ಹಾಕುವ ಆಕ್ಟಿವೇಟರ್, ಹೀಗೆ ಏನಾದರೂ. ಇನ್ನು ಒಂದು ವಿಡಿಯೊ ಉಂಟು, ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಟಿಕ್ ಹಾಕಿದರೆ ಲ್ಯಾಪ್‌ಟಾಪ್ ಓಡ್ತದೆ ಎಂದು ಹೇಳುವಂತದ್ದು. ಆ ಟಿಕ್ ಮೆಮೊರಿ ಹೆಚ್ಚು ಮಾಡುವುದಲ್ಲ, "ಇಷ್ಟಕ್ಕಿಂತ ಹೆಚ್ಚು ಬಳಸಬೇಡ" ಎಂದು ಮಿತಿ ಹಾಕುವುದು. ಅಲ್ಲಿ ಸಣ್ಣ ಸಂಖ್ಯೆ ಬಿದ್ದರೆ ವಿಂಡೋಸ್ ಏಳುವುದೇ ಇಲ್ಲ. ವಿಡಿಯೊ ಮಾಡಿದವನಿಗೆ ಲೈಕ್ ಸಿಕ್ಕಿತು, ನಿಮ್ಮದು ನಮ್ಮ ಮೇಜಿಗೆ ಬಂತು.

ಇಂತಹ ಸಮಯದಲ್ಲಿ ವಿಂಡೋಸ್‌ನ ರಿಪೇರಿ ಪುಟಕ್ಕೆ ಹೋಗಬೇಕು. ಲೋಗೊ ಬಂದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಫ್ ಮಾಡಿ. ಹೀಗೆ ಎರಡು–ಮೂರು ಸಲ ಮಾಡಿದರೆ ಆ ಪುಟ ತಾನಾಗಿ ತೆರೀತದೆ. ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ಸ್ಟಾರ್ಟಪ್ ರಿಪೇರ್. ಆಗದಿದ್ದರೆ, ಅಪ್‌ಡೇಟ್ ಆದ ಮೇಲೆ ತೊಂದರೆ ಆದದ್ದಾದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಬೇರೆ ಏನೋ ಹಾಕಿದ ಮೇಲೆ ಆದದ್ದಾದರೆ ಸಿಸ್ಟಮ್ ರಿಸ್ಟೋರ್. ಸಿಸ್ಟಮ್ ರಿಸ್ಟೋರ್ ನಿಮ್ಮ ಫೋಟೊಗಳನ್ನು ಮುಟ್ಟುವುದಿಲ್ಲ, ಹೊಸದಾಗಿ ಹಾಕಿದ ಡ್ರೈವರ್, ಪ್ರೋಗ್ರಾಂಗಳನ್ನು ಹಿಂದೆ ತೆಗೀತದೆ. ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ವಿಂಡೋಸ್ ತೀರಾ ಬೇಕಾದ್ದನ್ನು ಮಾತ್ರ ಹೊತ್ತು ಏಳ್ತದೆ, ಕೊನೆಗೆ ಹಾಕಿದ್ದನ್ನು ನೀವು ತೆಗೆದುಹಾಕಬಹುದು. ಅದೇ ಟ್ರಬಲ್‌ಶೂಟ್ ಪುಟದಲ್ಲಿ 'ರಿಸೆಟ್ ದಿಸ್ ಪಿಸಿ' ಅಂತ ಮೇಲೆಯೇ ಇರ್ತದೆ, ಕಣ್ಣಿಗೆ ಬೀಳುವುದೂ ಅದೇ. ಅದನ್ನು ಸದ್ಯಕ್ಕೆ ಮುಟ್ಟಬೇಡಿ. ಒಳಗೆ 'ರಿಮೂವ್ ಎವ್ರಿಥಿಂಗ್' ಒತ್ತಿದರೆ ಹೆಸರೇ ಹೇಳುವ ಹಾಗೆ ಎಲ್ಲ ಹೋಗ್ತದೆ.

ಒಂದು ಸಣ್ಣ ಫೈಲ್ ಇಡೀ ಯಂತ್ರವನ್ನು ನಿಲ್ಲಿಸಬಹುದಾ ಅಂತ ಕೆಲವರು ಕೇಳ್ತಾರೆ. 2024ರ ಜುಲೈ 19, ಶುಕ್ರವಾರ, ನೆನಪಿರಬಹುದು. ವಿಮಾನ ನಿಲ್ದಾಣಗಳಲ್ಲಿ ನೀಲಿ ಪರದೆ, ಊರಲ್ಲಿ ಕೈಬರಹದ ಬೋರ್ಡಿಂಗ್ ಪಾಸ್. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ದೋಷಪೂರಿತ ಅಪ್‌ಡೇಟ್ ಫೈಲ್. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಮದ್ದು ಎಂತ ಇತ್ತು? ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸಿ ರೀಸ್ಟಾರ್ಟ್ ಮಾಡುವುದು. ದೊಡ್ಡ ದೊಡ್ಡ ಕಂಪನಿಗಳ ಐಟಿಯವರು ಒಂದೊಂದೇ ಕಂಪ್ಯೂಟರ್ ಎದುರು ಕೂತು ಇದನ್ನೇ ಮಾಡಿದ್ದು. ಅಲ್ಲಿಯೂ ಹಲವರನ್ನು ಹೆಚ್ಚು ಕಾಡಿದ್ದು ನಾವು ಈಗ ಹೇಳುವ ವಿಷಯ, ಬಿಟ್‌ಲಾಕರ್ ಕೀ.

ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಪೂರ್ತಿ ಬೀಗ ಹಾಕಿರ್ತದೆ, ನಿಮಗೆ ಗೊತ್ತೇ ಇರುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಸಾಮಾನ್ಯವಾಗಿ ಈ ಬೀಗ ತಾನಾಗಿ ಬೀಳ್ತದೆ. ದಿನನಿತ್ಯ ಅದು ಕಾಣುವುದಿಲ್ಲ. ನೀವು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಾಯಿಸಿದ ದಿನ, ಟಿಪಿಎಂ ಕ್ಲಿಯರ್ ಮಾಡಿದ ದಿನ, ನೀಲಿ ಪುಟ ಬಂದು 48 ಅಂಕಿಯ ರಿಕವರಿ ಕೀ ಕೊಡು ಅಂತದೆ. ಕೀ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ನಮ್ಮಿಂದಲೂ ಆಗುವುದಿಲ್ಲ, ಅಂಗಡಿಯಿಂದಲೂ ಆಗುವುದಿಲ್ಲ, ಮೈಕ್ರೋಸಾಫ್ಟ್‌ನವರಿಂದಲೂ ಆಗುವುದಿಲ್ಲ. ಫೈಲ್ ಒಳಗೇ ಉಂಟು, ಬಾಗಿಲು ಮಾತ್ರ ಇನ್ನು ತೆರೆಯುವುದಿಲ್ಲ.

ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರ್ತದೆ. ಮೊಬೈಲ್‌ನಲ್ಲೇ ಆ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಎಂಬಲ್ಲಿ ನೋಡಿದರೆ ಸಿಗ್ತದೆ. ಆದರೆ ನಮ್ಮವರಲ್ಲಿ ಎರಡು ತೊಂದರೆ ಕಾಣ್ತೇವೆ. ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯ ಹುಡುಗ "ನಾನೇ ಮಾಡಿಕೊಡ್ತೇನೆ" ಅಂತ ಯಾವುದೋ ಇಮೇಲ್‌ನಲ್ಲಿ ಖಾತೆ ಮಾಡಿರ್ತಾನೆ. ಇಲ್ಲವೇ ಖಾತೆಗೆ ಕೊಟ್ಟದ್ದು ಊರಿನ ಮೊಬೈಲ್ ನಂಬರ್. ಆ ಸಿಮ್ ರೀಚಾರ್ಜ್ ಮಾಡದೆ ಬಂದ್ ಆಗಿದೆ, ಒಟಿಪಿ ಯಾರಿಗೆ ಹೋಗ್ತದೋ ಗೊತ್ತಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಸರಿ ಇರುವಾಗಲೇ, ಇವತ್ತು ರಾತ್ರಿ ಮನೆಗೆ ಹೋದ ಮೇಲೆ, ಆ ಖಾತೆ ಯಾವುದು ನೋಡಿ, ಇಲ್ಲಿನ ನಂಬರ್ ಸೇರಿಸಿ, 48 ಅಂಕಿಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಇಡುವಲ್ಲಿ ಇಡಿ. ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಇಡಬೇಡಿ, ಕಳ್ಳನಿಗೆ ಬೀಗ ಕೀಲಿ ಎರಡೂ ಒಟ್ಟಿಗೆ ಸಿಗ್ತದೆ. ಬಯೋಸ್‌ಗೆ ಕೈ ಹಾಕುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡುವುದು ಒಳ್ಳೆಯದು.

ರಿಪೇರಿ ಪುಟದಿಂದಲೂ ಆಗಲಿಲ್ಲ ಅನ್ನಿ. ಆಗಲೂ ಫಾರ್ಮ್ಯಾಟ್‌ಗೆ ಮೊದಲು ಫೈಲ್ ಹೊರಗೆ ತೆಗೆಯಬೇಕು. ಇನ್ನೊಂದು ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಉಬುಂಟು ಲಿನಕ್ಸ್ ಹಾಕಿ, ಅದರಿಂದ ನಿಮ್ಮ ಲ್ಯಾಪ್‌ಟಾಪನ್ನು ಬೂಟ್ ಮಾಡುವುದು. 'ಟ್ರೈ ಉಬುಂಟು' ಆರಿಸಿ. 'ಇನ್‌ಸ್ಟಾಲ್' ಅಲ್ಲ, ಇನ್ನೊಮ್ಮೆ ಹೇಳ್ತೇವೆ, 'ಇನ್‌ಸ್ಟಾಲ್' ಅಲ್ಲ. ನಿಮ್ಮ ಡಿಸ್ಕ್ ಫೋಲ್ಡರ್ ಹಾಗೆ ಕಾಣ್ತದೆ. ಯೂಸರ್ಸ್ ಒಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್. ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಎಳೆದು ಹಾಕಿ, ಒಂದೆರಡು ವಿಡಿಯೊ ತೆರೆದು ನೋಡಿ ಖಾತ್ರಿ ಮಾಡಿ. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಕೀ ಕೇಳ್ತದೆ. ಆಮೇಲೆ ಫಾರ್ಮ್ಯಾಟ್ ಬೇಕಾದರೆ ಮಾಡಿಕೊಳ್ಳಿ, ಯಾರದ್ದೂ ಅಡ್ಡಿಯಿಲ್ಲ.

ಊರಿನಿಂದ ಬರುವ ಕರೆಗಳ ಬಗ್ಗೆಯೂ ಹೇಳಬೇಕು. ಇಂಜಿನಿಯರಿಂಗ್ ಓದುವ ಮಗ, ಉಪ್ಪ ಎರಡು ತಿಂಗಳ ಓವರ್‌ಟೈಮ್ ಹಣದಲ್ಲಿ ತೆಗೆದುಕೊಟ್ಟ ಲ್ಯಾಪ್‌ಟಾಪ್. ಅವನು ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕಿದ, ಕಲಿಯುವುದಕ್ಕೆ. ಅದು ಒಳ್ಳೆಯದೇ. ಪರೀಕ್ಷೆ ಹತ್ತಿರ ಬಂದಾಗ ಜಾಗ ಸಾಲದೆ ವಿಂಡೋಸ್‌ನಲ್ಲಿ ಕೂತು ಲಿನಕ್ಸ್‌ನ ಪಾರ್ಟಿಶನ್ ಅಳಿಸಿದ. ರೀಸ್ಟಾರ್ಟ್ ಮಾಡಿದರೆ 'ಗ್ರಬ್ ರೆಸ್ಕ್ಯೂ' ಅಂತ ಒಂದು ಸಾಲು, ಮತ್ತೇನಿಲ್ಲ. ಉಪ್ಪ ಇಲ್ಲಿಂದ ವಿಡಿಯೊ ಕಾಲ್‌ನಲ್ಲಿ ಬೊಬ್ಬೆ, ಮಗ ಅಲ್ಲಿ ಅಳು. ಸಿಟ್ಟಿನಲ್ಲಿದ್ದ ಉಪ್ಪನಿಂದ ಫೋನ್ ತೆಗೆದುಕೊಂಡು ನಾವು ಹೇಳಿದ್ದು ಇಷ್ಟು: "ಮೋನೇ, ಆಫ್ ಮಾಡು. ಆನ್ ಮಾಡುವಾಗ ಎಫ್12 ಒತ್ತು. ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಕಾಣ್ತದಾ?" ಕಂಡಿತು. ಎಂಟರ್ ಒತ್ತಿದ, ವಿಂಡೋಸ್ ಬಂತು. ಎಫ್12 ಡೆಲ್ ಮತ್ತು ಲೆನೊವೊಗೆ, ಎಚ್‌ಪಿಗೆ ಎಫ್9. ಮುಂಚೆ ಲಿನಕ್ಸ್‌ನ ಗ್ರಬ್ ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡುವುದು ಅಂತ ಕೇಳ್ತಿತ್ತು, ಈಗ ಅದರ ಮನೆಯೇ ಇಲ್ಲ, ಹಾಗಾಗಿ ಬಾಗಿಲಲ್ಲೇ ನಿಂತುಬಿಟ್ಟಿತು. ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ತಂದರೆ ಮುಗೀತು. ಹಳೆಯ ಲೆಗಸಿ ಯಂತ್ರದಲ್ಲಾದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬೂಟ್ ದಾಖಲೆಯನ್ನು ಮತ್ತೆ ಬರೆಯಬೇಕಾಗ್ತದೆ.

ಜಾಗಕ್ಕಾಗಿ ಪಾರ್ಟಿಶನ್ ಅಳಿಸುವವರಿಗೆ ಇನ್ನೊಂದು ಮಾತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 100 ಎಂಬಿಯ 'ಇಎಫ್‌ಐ' ಎಂಬ ಸಣ್ಣ ತುಂಡು ಕಾಣ್ತದೆ. ಬೇರೆ ಸಾಫ್ಟ್‌ವೇರ್‌ ಹಾಕಿ ಅದನ್ನೂ ಅಳಿಸಿದವರಿದ್ದಾರೆ. 100 ಎಂಬಿಯಲ್ಲಿ ಎರಡು ವಿಡಿಯೊ ಹಿಡಿಯುವುದೂ ಕಷ್ಟ. ಆದರೆ ವಿಂಡೋಸ್ ಬೂಟ್ ಆಗುವ ಕೀಲಿ ಇರುವುದೇ ಅದರಲ್ಲಿ. ಅದು ಹೋದರೂ ಸಿ ಡ್ರೈವ್‌ನ ಫೈಲ್‌ಗಳು ಅಲ್ಲೇ ಇರ್ತವೆ, ಅದನ್ನು ಮತ್ತೆ ಕಟ್ಟಬಹುದು, ಬಿಸಿಡಿಬೂಟ್ ಎಂಬ ಸಾಧನ ವಿಂಡೋಸ್‌ನಲ್ಲೇ ಉಂಟು. ಅದನ್ನು ಮಾತ್ರ ವಿಡಿಯೊ ನೋಡಿ ಒಬ್ಬರೇ ಮಾಡಬೇಡಿ, ತಪ್ಪು ಪಾರ್ಟಿಶನ್ ಆರಿಸಿದರೆ ಆಮೇಲೆ ನಿಜವಾಗಿಯೂ ಹೋಗ್ತದೆ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ನಾವೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಕಂಪನಿಯ ಐಟಿಯವರಿಗೆ ಕೊಡಿ, ಏನು ಮಾಡಿದ್ದೀರೋ ಹಾಗೇ ಹೇಳಿ. ಬೀಗದ ಕೀ ಅವರ ಹತ್ತಿರವೇ ಇರ್ತದೆ.

ಪ್ರಶ್ನೆ ಇದ್ದವರು ಊಟ ಆದ ಮೇಲೆ ಆ ಮೂಲೆಯ ಮೇಜಿನ ಹತ್ತಿರ ಬನ್ನಿ. ಉಬುಂಟು ಪೆನ್‌ಡ್ರೈವ್ ಮಾಡುವುದು ಹೇಗೆ ಅಂತ ಎದುರಿನಲ್ಲೇ ತೋರಿಸ್ತೇವೆ. 16 ಜಿಬಿಯ ಖಾಲಿ ಪೆನ್‌ಡ್ರೈವ್ ತಂದವರಿಗೆ ಮಾಡಿಯೂ ಕೊಡ್ತೇವೆ, ಖಾಲಿ ಇಲ್ಲದ್ದು ತರಬೇಡಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗ್ತದೆ. ಮುಂದಿನ ಶುಕ್ರವಾರ ಲ್ಯಾಪ್‌ಟಾಪ್ ತರುವವರು ಚಾರ್ಜರ್ ಮರೆಯಬೇಡಿ. ಕೊನೆಗೆ ಬಂದ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದು ತನ್ನಿ. ನೋಡಿದ ವಿಡಿಯೊದ ಲಿಂಕ್ ಇದ್ದರೆ ಅದನ್ನೂ ತನ್ನಿ, ಅವನು ಎಂತ ಮಾಡಲು ಹೇಳಿದ್ದಾನೆ ಅಂತ ನಾವೂ ನೋಡ್ತೇವೆ.